ಉಪ್ಪುನೀರಿನ ತೊಟ್ಟಿಯಲ್ಲಿ ಮೊದಲ ಸಲ ತೇಲುವವರಿಗೆ: ಕತ್ತು ಬಿಡುವುದು ಹೇಗೆ

ಒಂದು ಅಡಿಗೂ ಕಡಿಮೆ ಆಳದ ನೀರು. ಅದರಲ್ಲಿ ಕರಗಿಸಿದ ಸುಮಾರು 450 ಕೆ.ಜಿ. ಉಪ್ಪು, ಅಂದರೆ ಒಂಬತ್ತು ಮೂಟೆ ಸಿಮೆಂಟಿನಷ್ಟು ತೂಕ. ಅದರ ಮೇಲೆ ಅಂಗಾತ ಮಲಗಿದರೆ ಮುಳುಗಬೇಕೆಂದರೂ ಮುಳುಗಲಾಗುವುದಿಲ್ಲ. ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಒಂದು ಗಂಟೆ ಸುಮ್ಮನೆ ಬಿದ್ದಿರುವುದು. ಫ್ಲೋಟ್ ಸ್ಪಾ ಅಂದರೆ ಇಷ್ಟೇ.

ಇಷ್ಟೇ ಆದರೂ ಮೊದಲ ಸಲ ನಾನು ಅರ್ಧಕ್ಕರ್ಧ ಹೊತ್ತು ಹಾಳು ಮಾಡಿಕೊಂಡೆ. ಬೆಳಿಗ್ಗೆ ಗಡ್ಡ ಹೆರೆದಿದ್ದೆ, ಮಧ್ಯಾಹ್ನ ಎರಡು ಲೋಟ ಕಾಫಿ ಕುಡಿದಿದ್ದೆ, ಮೂಗು ತುರಿಸಿತೆಂದು ಒದ್ದೆ ಕೈ ಮುಖಕ್ಕೆ ಹಚ್ಚಿದ್ದೆ. ಮಿಕ್ಕಿದ್ದನ್ನು ಕತ್ತು ತಿಂದುಹಾಕಿತು. ಇಡೀ ದೇಹ ತೇಲುತ್ತಿದ್ದರೂ ತಲೆಯನ್ನು ಮಾತ್ರ ನಾನೇ ಎತ್ತಿ ಹಿಡಿದುಕೊಂಡಿದ್ದೆ. ಹಿಡಿದಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ. ಆ ಕತ್ತನ್ನು ಬಿಡುವುದಕ್ಕೆ ಏನೇನು ತಯಾರಿ ಬೇಕು ಅನ್ನುವುದೇ ಈ ಬರಹ.

ನಾನಿರುವುದು ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ. ಚಿಪ್ ಕಂಪನಿ ಕೆಲಸಕ್ಕೆಂದು ಬಂದ ಕನ್ನಡದವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ, ಮಾನಿಟರ್ ಮುಂದೆ ಕೂತು ಕತ್ತುನೋವು ತಂದುಕೊಂಡವರೂ ಅಷ್ಟೇ ಜನ. ಪಕ್ಕದ ಪೋರ್ಟ್‌ಲ್ಯಾಂಡ್ ಈ ತೇಲುವ ಹುಚ್ಚಿಗೆ ಒಂದು ರೀತಿಯ ತವರು. ತೇಲುತೊಟ್ಟಿ ನಡೆಸುವವರ ವಾರ್ಷಿಕ ಸಮ್ಮೇಳನ 2012ರಲ್ಲಿ ಶುರುವಾದದ್ದು ಅಲ್ಲೇ.

ಎಲ್ಲಿಂದ ಬಂತು ಇದು

1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಜಾನ್ ಲಿಲ್ಲಿ ಎಂಬ ವೈದ್ಯ-ವಿಜ್ಞಾನಿಗೆ ಒಂದು ಪ್ರಶ್ನೆ ಇತ್ತು: ಬೆಳಕು, ಸದ್ದು, ಸ್ಪರ್ಶ ಎಲ್ಲವನ್ನೂ ತೆಗೆದುಬಿಟ್ಟರೆ ಮೆದುಳು ನಿದ್ದೆಗೆ ಜಾರುತ್ತದೆಯೋ, ಎಚ್ಚರವಾಗಿಯೇ ಇರುತ್ತದೆಯೋ? ಆತ ಮುಖಕ್ಕೆ ಉಸಿರಾಟದ ಮುಸುಕು ಹಾಕಿಕೊಂಡು ನೀರಿನ ತೊಟ್ಟಿಯೊಳಗೆ ತಾನೇ ಇಳಿದ. ಮೆದುಳು ನಿದ್ದೆ ಹೋಗಲಿಲ್ಲ. ಈಗಿನಂತೆ ಉಪ್ಪುನೀರಿನ ಮೇಲೆ ಅಂಗಾತ ಮಲಗುವ ತೊಟ್ಟಿಯನ್ನು 1970ರ ದಶಕದಲ್ಲಿ ಗ್ಲೆನ್ ಪೆರ್ರಿ ಎಂಬಾತ ತಯಾರಿಸಿ ಮಾರಲು ಶುರುಮಾಡಿದ. ಕಂಪನಿಗೆ ಇಟ್ಟ ಹೆಸರು ‘ಸಮಾಧಿ’. ಧ್ಯಾನದ ಸಮಾಧಿ ಅಂತ ಅವರ ಲೆಕ್ಕ. ಮುಚ್ಚಳವಿರುವ ಪೆಟ್ಟಿಗೆಯೊಳಗೆ ಅಂಗಾತ ಮಲಗಬೇಕಾದ ವಸ್ತುವಿಗೆ ಈ ಹೆಸರನ್ನು ಕನ್ನಡದವರು ಯಾರೂ ಇಡುತ್ತಿರಲಿಲ್ಲ ಬಿಡಿ.

ಉಪ್ಪು ಯಾವುದು, ಯಾಕೆ ಅಷ್ಟೊಂದು

ಇದು ಅಡುಗೆ ಉಪ್ಪಲ್ಲ. ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಷಿಯಂ ಸಲ್ಫೇಟ್. ಲಂಡನ್ನಿಗೆ ಹತ್ತಿರದ ಎಪ್ಸಮ್ ಎಂಬ ಊರಿನ ಕಹಿನೀರಿನ ಒರತೆಯಿಂದ ಬಂದ ಹೆಸರು. ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ, ಹಾಗಾಗಿ ನಮ್ಮಲ್ಲಿ ಭೇದಿ ಉಪ್ಪು ಅಂತಲೂ ಕರೆಯುತ್ತಾರೆ. ತೊಟ್ಟಿ ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಿ ಅನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ತೀರ್ಥಹಳ್ಳಿಯ ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವರಿಗೆ ಮೆಗ್ನೀಷಿಯಂ ಸಲ್ಫೇಟ್ ಚೆನ್ನಾಗಿ ಗೊತ್ತು. ಅಡಿಕೆ ಗಿಡದ ಎಲೆ ಹಳದಿ ತಿರುಗಿದರೆ ಬುಡಕ್ಕೆ ಹಾಕುವುದು ಅದನ್ನೇ. ಎಲೆಯ ಹಸಿರಿಗೆ ಮೆಗ್ನೀಷಿಯಂ ಬೇಕೇ ಬೇಕು. “ತ್ವಾಟಕ್ಕೆ ಹಾಕೋ ಉಪ್ಪಲ್ವನಾ ಅದು? ಅದ್ರೊಳಗೆ ಮಲಗಕ್ಕೆ ಎಂಬತ್ತು ಡಾಲರ್ ಕೊಟ್ಯಾ ಮಾರಾಯ?” ಅಂದರು. ಹೌದು, ಕೊಟ್ಟೆ. ಇಲ್ಲಿ ಒಂದು ಸಲಕ್ಕೆ 60ರಿಂದ 100 ಡಾಲರ್ ಸಾಮಾನ್ಯ.

ಅಷ್ಟೊಂದು ಉಪ್ಪು ಯಾಕೆಂದರೆ, ನಮ್ಮ ದೇಹದ ಸಾಂದ್ರತೆ ಹೆಚ್ಚುಕಮ್ಮಿ ಸಿಹಿನೀರಿನಷ್ಟೇ. ಅದಕ್ಕೇ ಕೆರೆಯಲ್ಲಿ ಕೈಕಾಲು ಬಡಿಯದಿದ್ದರೆ ಮುಳುಗುತ್ತೇವೆ. ಈ ತೊಟ್ಟಿಯ ನೀರು ಸಿಹಿನೀರಿಗಿಂತ ಕಾಲು ಭಾಗದಷ್ಟು ಹೆಚ್ಚು ಭಾರ, ಸಾಂದ್ರತೆ 1.25ರ ಮೇಲೆ. ಮೃತ ಸಮುದ್ರದ ನೀರೂ ಸುಮಾರಾಗಿ ಇಷ್ಟೇ ಭಾರ. ಇಂಥ ನೀರಿನಲ್ಲಿ ದೇಹದ ಐದರಲ್ಲಿ ಒಂದು ಭಾಗ ತಾನಾಗಿಯೇ ಮೇಲೆ ನಿಲ್ಲುತ್ತದೆ. ದಪ್ಪ, ತೆಳು, ಈಜು ಬರುವವರು, ಬಾರದವರು ಅನ್ನುವ ಭೇದವಿಲ್ಲ. ಮನೆಯ ಬಾತ್‌ಟಬ್ಬಿಗೆ ಅಂಗಡಿಯಿಂದ ತಂದ ಒಂದು ಪ್ಯಾಕೆಟ್ ಸುರಿದು ನೋಡುತ್ತೇನೆ ಅನ್ನುವವರಿಗೆ ಮುಂಚೆಯೇ ಹೇಳಿಬಿಡುತ್ತೇನೆ, ಬಿಸಿನೀರಿನ ಸುಖ ಸಿಗುತ್ತದೆ, ತೇಲುವುದು ಸಿಗುವುದಿಲ್ಲ.

ನೀರಿನ ಬಿಸಿ 34ರಿಂದ 35.5 ಡಿಗ್ರಿ ಸೆಲ್ಸಿಯಸ್. ಬಚ್ಚಲ ಹಂಡೆಯ ನೀರಿಗೆ ಒಗ್ಗಿದ ನಮಗೆ ಮೊದಲು ಉಗುರುಬೆಚ್ಚಗೂ ಅನ್ನಿಸುವುದಿಲ್ಲ. ಇದು ಚರ್ಮದ ಬಿಸಿಗೆ ಹೊಂದಿಸಿಟ್ಟ ಅಳತೆ. ಹತ್ತಿಪ್ಪತ್ತು ನಿಮಿಷವಾದ ಮೇಲೆ ನೀರು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಅನ್ನುವುದು ತಿಳಿಯದಂತಾಗುವುದು ಇದರಿಂದಲೇ.

ಯಾರು ಹೋಗಬಾರದು

ಮೂತ್ರಪಿಂಡದ ಕಾಯಿಲೆ, ಹತೋಟಿಯಲ್ಲಿಲ್ಲದ ಮೂರ್ಛೆರೋಗ, ತೀರಾ ಕಡಿಮೆ ರಕ್ತದೊತ್ತಡ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ಬಸುರಿಯರೂ ಅಷ್ಟೇ, ಕೇಳಿಯೇ ಹೋಗಿ. ಕಿವಿಯ ತಮಟೆ ತೂತಾಗಿದ್ದರೆ, ಮೈಮೇಲೆ ತೆರೆದ ಗಾಯ ಅಥವಾ ಅಂಟುವ ಚರ್ಮರೋಗ ಇದ್ದರೆ ಈಗ ಬೇಡ. ಹೊಟ್ಟೆ ಕೆಟ್ಟು ಭೇದಿಯಾಗುತ್ತಿದ್ದರೂ ಬೇಡ, ನಿಮ್ಮ ನಂತರ ಅದೇ ನೀರಿಗೆ ಬೇರೊಬ್ಬರು ಇಳಿಯುತ್ತಾರೆ. ಕುಡಿದು ಹೋಗುವುದಂತೂ ಯಾವತ್ತೂ ಬೇಡ.

ಬುಕ್ ಮಾಡುವ ಮುಂಚೆ ಫೋನ್ ಮಾಡಿ

ತೊಟ್ಟಿಯ ನೀರನ್ನು ಪ್ರತಿಯೊಬ್ಬರಿಗೂ ಬದಲಿಸುವುದಿಲ್ಲ. ಅಷ್ಟು ಉಪ್ಪನ್ನು ದಿನಕ್ಕೆ ಆರು ಸಲ ಚೆಲ್ಲುವುದು ಯಾರಿಗೂ ಗಿಟ್ಟುವುದಿಲ್ಲ. ಮಡಿ-ಮೈಲಿಗೆ ನೋಡುತ್ತ ಬೆಳೆದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಸಹಜ. ಹಾಗಾಗಿ ನೇರವಾಗಿ ಕೇಳಿ: ಒಬ್ಬರು ಎದ್ದು ಇನ್ನೊಬ್ಬರು ಇಳಿಯುವ ನಡುವೆ ಎಷ್ಟು ಹೊತ್ತು ಬಿಡುತ್ತೀರಿ? ಅಷ್ಟರಲ್ಲಿ ಇಡೀ ನೀರು ಫಿಲ್ಟರಿನಿಂದ ಎಷ್ಟು ಸಲ ಹಾದುಹೋಗುತ್ತದೆ? ಫಿಲ್ಟರ್ ಜೊತೆಗೆ ಇನ್ನೇನು, ನೇರಳಾತೀತ ಬೆಳಕೋ, ಓಝೋನೋ, ಹೈಡ್ರೋಜನ್ ಪೆರಾಕ್ಸೈಡೋ? ಒಳ್ಳೆಯ ಜಾಗದವರು ಮೂರು-ನಾಲ್ಕು ಸಲವಾದರೂ ಹಾಯಿಸುತ್ತೇವೆ ಎಂದು ಥಟ್ಟನೆ ಹೇಳುತ್ತಾರೆ. “ಉಪ್ಪಿನಲ್ಲಿ ಯಾವ ಕ್ರಿಮಿಯೂ ಬದುಕುವುದಿಲ್ಲ ಸಾರ್” ಎಂದಷ್ಟೇ ಹೇಳಿ ಮುಗಿಸಿದರೆ ಬೇರೆ ಕಡೆ ನೋಡಿಕೊಳ್ಳಿ. ಉಪ್ಪೊಂದನ್ನೇ ನಂಬಿ ಕೂರುವ ವಿಷಯ ಇದಲ್ಲ.

ಇನ್ನೊಂದು ಪ್ರಶ್ನೆ, ತೊಟ್ಟಿಯ ಮಾದರಿ ಯಾವುದು? ಕಪ್ಪೆಚಿಪ್ಪಿನಂತೆ ಮುಚ್ಚಳ ಇಳಿಯುವ ಪಾಡ್ ಇರುತ್ತದೆ, ನಿಂತು ಒಳಗೆ ಹೋಗುವಷ್ಟು ಎತ್ತರದ ಕೋಣೆಯಂಥ ಕ್ಯಾಬಿನ್ ಇರುತ್ತದೆ, ಮುಚ್ಚಳವೇ ಇಲ್ಲದ ಕೊಳ ಇರುತ್ತದೆ. ಲಿಫ್ಟಿನಲ್ಲಿ ಎದೆ ಹಿಡಿದುಕೊಂಡಂತಾಗುವ ಜಾತಿಯವರಾದರೆ ಮೊದಲ ಸಲ ಕ್ಯಾಬಿನ್ ಅಥವಾ ಕೊಳವನ್ನೇ ಕೇಳಿ. ಪಾಡ್ ಆದರೂ ಅದಕ್ಕೆ ಬೀಗ ಇರುವುದಿಲ್ಲ, ಒಳಗಿನಿಂದ ಒಂದು ಕೈಯಲ್ಲಿ ಎತ್ತಬಹುದು, ಇಡೀ ಹೊತ್ತು ತೆರೆದೇ ಇಟ್ಟುಕೊಂಡರೂ ಯಾರೂ ಏನೂ ಅನ್ನುವುದಿಲ್ಲ. ದೀಪದ ಗುಂಡಿ ಕೈಗೆಟುಕುವಲ್ಲೇ ಇರುತ್ತದೆ.

ಎರಡು ದಿನ ಮುಂಚಿನಿಂದ

ಗಡ್ಡ, ಕಂಕುಳು, ಕಾಲು, ಎಲ್ಲಿಯೂ ಬ್ಲೇಡು ತಾಗಿಸಬೇಡಿ, ವ್ಯಾಕ್ಸಿಂಗ್ ಬೇಡ. ಕಣ್ಣಿಗೆ ಕಾಣದ ಗೀರಿಗೂ ಉಪ್ಪು ಹೋಗಿ ಕೂರುತ್ತದೆ. ತಲೆಗೆ ಬಣ್ಣ ಹಚ್ಚಿಕೊಂಡಿದ್ದರೆ, ತೊಳೆದ ನೀರು ತಿಳಿಯಾಗಿ ಇಳಿಯುವವರೆಗೆ ಹೋಗಬೇಡಿ. ಬಣ್ಣ ತೊಟ್ಟಿಗಿಳಿದರೆ ಇಡೀ ಉಪ್ಪಿನ ಬೆಲೆಯನ್ನು ನಿಮ್ಮಿಂದಲೇ ವಸೂಲು ಮಾಡುವವರಿದ್ದಾರೆ.

ನಮ್ಮವರಿಗೇ ಬೇಕಾದ ಮಾತು: ಹಿಂದಿನ ದಿನ ಎಣ್ಣೆಸ್ನಾನ ಮಾಡಬೇಡಿ. ಮೈ ಹಗುರಾಗಲಿ ಎಂದು ಅಭ್ಯಂಜನ ಮಾಡಿಕೊಂಡು ತೇಲಲು ಹೋಗುವುದು ಕೇಳಲು ಚೆಂದ, ಆದರೆ ಎಷ್ಟೇ ಸೀಗೆಪುಡಿ ಹಾಕಿ ತಿಕ್ಕಿದರೂ ಕೂದಲಿನ ಬುಡದಲ್ಲಿ ಎಣ್ಣೆ ಉಳಿದಿರುತ್ತದೆ, ಅದು ನೀರಿನ ಮೇಲೆ ಪದರಾಗಿ ನಿಲ್ಲುತ್ತದೆ. ತಲೆಗೆ ಕೊಬ್ಬರಿ ಎಣ್ಣೆಯೂ ಬೇಡ.

ಆ ದಿನ ಕಾಫಿಯನ್ನು ನಾಲ್ಕೈದು ಗಂಟೆ ಮುಂಚೆಯೇ ಮುಗಿಸಿ. ಹೊರಗೆ ಗೊತ್ತಾಗದ ಎದೆಬಡಿತ ಒಳಗೆ ಡೊಳ್ಳಿನಂತೆ ಕೇಳಿಸುತ್ತದೆ. ಊಟ ಒಂದೂವರೆ ಗಂಟೆ ಮುಂಚೆ, ಅದೂ ಹಿತಮಿತ. ಹುಳಿ-ಪಲ್ಯ ಗಡದ್ದಾಗಿ ಹೊಡೆದು ಹೋದರೆ ಒಂದು ಗಂಟೆ ಹೊಟ್ಟೆಯ ಭಾಷಣ ಕೇಳಬೇಕಾಗುತ್ತದೆ. ತೀರಾ ಹಸಿದು ಹೋದರೂ ಅದೇ ಕತೆ.

ಕೋಣೆಯೊಳಗೆ

ನಿಮಗೊಂದು ಪ್ರತ್ಯೇಕ ಕೋಣೆ ಕೊಡುತ್ತಾರೆ, ಅದರಲ್ಲೇ ಶವರು, ಅದರಲ್ಲೇ ತೊಟ್ಟಿ. ಬಾಗಿಲಿಗೆ ಚಿಲಕ ಹಾಕಿಕೊಂಡ ಮೇಲೆ ಯಾರೂ ಬರುವುದಿಲ್ಲ. ಬಹುತೇಕರು ಬಟ್ಟೆಯಿಲ್ಲದೆಯೇ ಇಳಿಯುತ್ತಾರೆ. ಕೇಳಿದ ತಕ್ಷಣ ಮುಜುಗರವಾಗುತ್ತದೆ, ನನಗೂ ಆಯಿತು, ಮೊದಲ ಸಲ ಚಡ್ಡಿ ಹಾಕಿಕೊಂಡೇ ಇಳಿದೆ. ಮೈಗೆ ಬೇರೇನೂ ತಾಗದ ಕಡೆ ಸೊಂಟದ ಎಲಾಸ್ಟಿಕ್ಕೊಂದೇ ಪೂರ್ತಿ ಒಂದು ಗಂಟೆ ‘ನಾನಿದ್ದೇನೆ’ ಎನ್ನುತ್ತಿತ್ತು. ನಿಮಗೆ ಬಟ್ಟೆ ಬೇಕೆನಿಸಿದರೆ ಹಾಕಿಕೊಳ್ಳಿ, ಬಟ್ಟೆಯ ಸೋಪು ಉಳಿದಿರದಂತೆ ಜಾಲಿಸಿ ತನ್ನಿ. ಉಂಗುರ, ಸರ, ಕಾಲುಂಗುರ ತೆಗೆದಿಡಿ, ಬೆಳ್ಳಿ ಕಪ್ಪಾಗಬಹುದು. ತಾಳಿ ತೆಗೆಯಲು ಮನಸ್ಸಾಗದವರು ರಿಸೆಪ್ಷನ್ನಿನಲ್ಲಿ ಮೊದಲೇ ಹೇಳಿ. ಮುಟ್ಟಿನ ದಿನಗಳಲ್ಲಿ ಕಪ್ ಅಥವಾ ಟ್ಯಾಂಪೂನ್ ಹಾಕಿಕೊಂಡು ಇಳಿಯಬಹುದು.

ಇನ್ನು ಕ್ರಮ ತಪ್ಪಬಾರದು. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಕಣ್ಣಿನ ಲೆನ್ಸ್ ತೆಗೆಯಿರಿ. ಕಿವಿ ಒಣಗಿರುವಾಗಲೇ, ಶವರಿಗೆ ಮುಂಚೆಯೇ, ಇಯರ್‌ಪ್ಲಗ್ ಹಾಕಿಕೊಳ್ಳಿ. ಮೇಣದಂಥ ಮೆತ್ತನೆಯದಾದರೆ ಉಂಡೆ ಮಾಡಿ ಕಿವಿಯ ಬಾಯಿಗೆ ತಟ್ಟಿ ಮುಚ್ಚಬೇಕು, ಒಳಗೆ ತುರುಕಬಾರದು. ಸ್ಪಂಜಿನಂಥದ್ದಾದರೆ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಸೇರಿಸಿ ಉಬ್ಬುವವರೆಗೆ ಹಿಡಿದಿರಿ. ಆಮೇಲೆ ಸೋಪು, ಶಾಂಪೂ ಹಾಕಿ ಚೆನ್ನಾಗಿ ಸ್ನಾನ. ಕಂಡೀಷನರ್ ಬೇಡ. ಸಣ್ಣ ತರಚು, ಉಗುರಿನ ಪಕ್ಕದ ಸಿಗುರು, ಇಂಥ ಕಡೆ ಚೂರು ವ್ಯಾಸಲೀನ್ ಹಚ್ಚಿ, ಬೆರಳು ಒರೆಸಿಕೊಳ್ಳಿ.

ಕೊನೆಗೆ ಮುಖವನ್ನು ಪೂರ್ತಿ ಒಣಗಿಸಿಕೊಳ್ಳಿ. ಹುಬ್ಬು, ಮೂಗಿನ ಪಕ್ಕ, ಮೇಲ್ದುಟಿ, ಎಲ್ಲವನ್ನೂ. ಮುಖದ ಮೇಲೆ ಹನಿಯೊಂದು ಹರಿದರೂ ಅದು ತುರಿಸುತ್ತದೆ, ತುರಿಸಿದರೆ ಕೈ ಮೇಲೇಳುತ್ತದೆ, ಕೈಯಲ್ಲಿ ಉಪ್ಪಿರುತ್ತದೆ. ನನ್ನ ಮೊದಲ ಸಲದ ಕತೆ ಇದೇ. ಮೂಗಿನ ತುದಿ ಒಮ್ಮೆ ಉಜ್ಜಿದೆ ಅಷ್ಟೇ, ಕೈಯಿಂದ ಒಂದು ಹನಿ ಕಣ್ಣಿನ ಮೂಲೆಗೆ ಇಳಿಯಿತು. ಹಸಿಮೆಣಸು ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡ ಹಾಗೆ. ಕತ್ತಲಲ್ಲಿ ತಡಕಾಡಿದೆ, ಸ್ಪ್ರೇ ಬಾಟಲಿ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡಿರಲಿಲ್ಲ, ಅದೇ ಒದ್ದೆ ಕೈಯಲ್ಲಿ ಇನ್ನೊಮ್ಮೆ ಕಣ್ಣು ಒರೆಸಿಕೊಂಡೆ. ಆಮೇಲೆ ಕೇಳಬೇಡಿ. ಸಿಹಿನೀರಿನ ಸ್ಪ್ರೇ ಬಾಟಲಿಯೂ ಒಣ ಟವೆಲ್ಲೂ ತೊಟ್ಟಿಯ ಯಾವ ಬದಿಗೆ ಇವೆ ಎಂದು ದೀಪ ಆರಿಸುವ ಮುಂಚೆ ಕೈಚಾಚಿ ಒಂದು ಸಲ ಮುಟ್ಟಿ ನೋಡಿ. ಕಣ್ಣಿಗೆ ಹೋದರೆ ಎದ್ದು ಕೂತು, ಮೊದಲು ಸ್ಪ್ರೇ, ನಂತರ ಟವೆಲ್. ಕೈ ಮಾತ್ರ ಬೇಡ.

ಇಳಿಯುವುದು

ನೆಲ, ತೊಟ್ಟಿಯ ಅಂಚು ಎರಡೂ ಜಾರುತ್ತವೆ, ಉಪ್ಪುನೀರಿಗೆ ಎಣ್ಣೆಯಂಥ ನುಣುಪು. ಹಿಡಿ ಹಿಡಿದುಕೊಂಡು ಇಳಿದು, ಕೂತು, ಕೈಯೂರಿ ಮೆಲ್ಲಗೆ ಹಿಂದಕ್ಕೆ ವಾಲಿ. ಮಲಗಬೇಕಾದ ಕೆಲಸ ನಿಮ್ಮದಲ್ಲ. ಕಾಲುಗಳು ತಾವಾಗಿಯೇ ಎದ್ದು ಬರುತ್ತವೆ, ಯಾರೋ ಕೆಳಗಿನಿಂದ ಎತ್ತಿದಂತೆ. ಎಲ್ಲಾದರೂ ತರಚಿದ್ದರೆ ಚುರುಗುಟ್ಟುತ್ತದೆ, ಐದು ನಿಮಿಷ ತಡೆದುಕೊಂಡರೆ ಹೋಗುತ್ತದೆ.

ತೇಲುತ್ತ ತೇಲುತ್ತ ಗೋಡೆಗೆ ಬಡಿಯುತ್ತೀರಿ. ಎರಡೂ ಕೈ ಚಾಚಿ ಎರಡೂ ಬದಿ ಮುಟ್ಟಿ, ನೀರು ನಿಲ್ಲುವವರೆಗೆ ಹಾಗೇ ಇದ್ದು, ನಿಧಾನಕ್ಕೆ ಕೈ ಬಿಡಿ. ಅಲ್ಲಾಡದಿದ್ದರೆ ಅಲ್ಲೇ ನಿಲ್ಲುತ್ತೀರಿ. ಭುಜ ಬಿಗಿ ಇರುವವರಿಗೆ ಕೈಗಳನ್ನು ತಲೆಯ ಆಚೀಚೆ, ‘ಕೈ ಮೇಲೆತ್ತು’ ಅಂದಾಗ ಎತ್ತುವಂತೆ, ಮೇಲಕ್ಕೆ ಬಿಡುವುದು ಆರಾಮ. ಉಳಿದವರು ಮೈ ಪಕ್ಕದಲ್ಲಿ ಬಿಟ್ಟರಾಯಿತು.

ಈಗ ಕತ್ತು. ವಯಸ್ಕರ ತಲೆಯ ತೂಕ ಸುಮಾರು 5 ಕೆ.ಜಿ. ಎಚ್ಚರವಿರುವಷ್ಟು ಹೊತ್ತೂ ಅದನ್ನು ಹೊತ್ತಿರುವ ಸ್ನಾಯುಗಳಿಗೆ ಇಳಿಸಿ ಅಭ್ಯಾಸವಿಲ್ಲ. ಜೊತೆಗೆ ಹಿಂದೆ ನೀರಿದೆ ಅಂತ ಗೊತ್ತಾದ ಕೂಡಲೇ ಮೂಗನ್ನು ಕಾಪಾಡುವ ಭಯ. ಇದನ್ನು ಹೀಗೆ ಬಿಡಿಸಿ: ಗಲ್ಲವನ್ನು ಚೂರು ಮೇಲಕ್ಕೆತ್ತಿ. ನೀರು ಕಿವಿಯನ್ನು ದಾಟಿ ಕೆನ್ನೆಯ ಅಂಚಿಗೆ ಬರುತ್ತದೆ, ಬರಲಿ, ಅಲ್ಲೇ ನಿಲ್ಲುತ್ತದೆ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೆರಳಗಲದಷ್ಟು ಹೊರಳಿಸಿ. ಬೇಕೆಂದೇ ಕತ್ತನ್ನು ಐದು ಎಣಿಸುವಷ್ಟು ಹೊತ್ತು ಬಿಗಿಮಾಡಿ, ಉಸಿರು ಬಿಡುತ್ತ ಸಡಿಲಿಸಿ. ಆಗ ತಲೆ ಇನ್ನೊಂದು ಅರ್ಧ ಇಂಚು ಕೆಳಗಿಳಿಯುತ್ತದೆ. ಆ ಅರ್ಧ ಇಂಚೇ ನೀವು ಇಷ್ಟುಹೊತ್ತು ಹೊತ್ತಿದ್ದ ಭಾರ. ದವಡೆಯನ್ನೂ ನೋಡಿಕೊಳ್ಳಿ, ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ಇದಾದ ಮೇಲೂ ಹತ್ತು ನಿಮಿಷಕ್ಕೊಮ್ಮೆ ಕತ್ತು ಸದ್ದಿಲ್ಲದೆ ಬಿಗಿಯಾಗಿರುತ್ತದೆ, ಮತ್ತೆ ಬಿಡಿ. ಆಗಲೇ ಇಲ್ಲವಾದರೆ ತಲೆಯ ಕೆಳಗಿಡಲು ಫೋಮಿನ ಬಳೆಯಂಥದ್ದು ಕೊಡುತ್ತಾರೆ, ನಾಚಿಕೆಯಿಲ್ಲದೆ ಬಳಸಿ. ನಾನು ಮೊದಲ ಸಲ ಅದು ಅಳ್ಳೆದೆಯವರಿಗೆ ಅಂದುಕೊಂಡು ಮೂಲೆಗಿಟ್ಟಿದ್ದೆ. ತಪ್ಪು.

ಒಳಗಿನ ಹೊತ್ತು

ಮೊದಲ ಇಪ್ಪತ್ತು ನಿಮಿಷ ಬೇಸರವಾಗುತ್ತದೆ. ಆಫೀಸಿನ ಮೇಲ್, ಊರಿನ ಸಾಲ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ, ಎಲ್ಲ ಸಾಲಾಗಿ ಬರುತ್ತವೆ. ಓಡಿಸಲು ಹೋಗಬೇಡಿ. ಏನಾದರೂ ಹಿಡಿದುಕೊಳ್ಳಲು ಬೇಕೆನಿಸಿದರೆ ಉಸಿರನ್ನು ಎಣಿಸಿ, ಕಿವಿ ಮುಚ್ಚಿರುವುದರಿಂದ ಅದು ಜೋರಾಗಿಯೇ ಕೇಳುತ್ತದೆ. ನಿದ್ದೆಯ ಅಂಚಿನಲ್ಲಿ ಕಾಲು ಝಾಡಿಸಿ ಎಚ್ಚರವಾಗಬಹುದು, ಮನೆಯ ಹಾಸಿಗೆಯಲ್ಲೂ ಆಗುವಂಥದ್ದೇ ಅದು. ಮುಚ್ಚಿದ ಕಣ್ಣಲ್ಲಿ ಬಣ್ಣದ ಚುಕ್ಕೆ ಕಾಣುವುದು, ಮೈ ಮೆಲ್ಲಗೆ ತಿರುಗಿದಂತೆ ಅನ್ನಿಸುವುದು ಕೂಡ ಹಲವರಿಗೆ ಆಗುತ್ತದೆ. ಬೆನ್ನು ಹತ್ತಬೇಡಿ, ಕಾಯಬೇಡಿ. ನಿದ್ದೆ ಬಂದರೆ? ಬರಲಿ. ಇಷ್ಟು ಸಾಂದ್ರ ನೀರಿನಲ್ಲಿ ನಿದ್ದೆಯಲ್ಲಿ ಮಗ್ಗುಲಾಗುವುದು ಸುಲಭವಲ್ಲ, ಒಂದು ವೇಳೆ ಮಗ್ಗುಲಾದರೂ ಉಪ್ಪು ಕಣ್ಣಿಗೆ ತಾಗಿ ತಾನೇ ಎಬ್ಬಿಸುತ್ತದೆ. ಉಸಿರು ಕಟ್ಟಿದಂತಾದರೆ ದೀಪ ಹಾಕಿ, ಮುಚ್ಚಳ ತೆರೆದು, ಎದ್ದು ಹೋದರೂ ಸರಿ.

ಇದರಿಂದ ಏನು ಸಿಗುತ್ತದೆ ಅನ್ನುವುದರಲ್ಲಿ ನಾನು ಸ್ವಲ್ಪ ಜಿಪುಣ. ಒಕ್ಲಹೋಮದ ಟಲ್ಸಾದಲ್ಲಿ ಜಸ್ಟಿನ್ ಫೈನ್‌ಸ್ಟೀನ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕ ಮತ್ತು ಒತ್ತಡದ ಕಾಯಿಲೆಗಳಿದ್ದ 50 ಜನ ಒಂದು ಗಂಟೆ ತೇಲಿದ ಮೇಲೆ ಅವರ ಆತಂಕ ಗಣನೀಯವಾಗಿ ಇಳಿದಿತ್ತು. ಒಂದೇ ಸಲದ, ಆ ಹೊತ್ತಿನ ಪರಿಣಾಮ ಅದು, ಚಿಕಿತ್ಸೆಯಾಯಿತು ಅಂತಲ್ಲ. ಗೋಡೆಯ ಮೇಲೆ ‘ಚರ್ಮದ ಮೂಲಕ ಮೆಗ್ನೀಷಿಯಂ’ ಎಂದು ಬರೆದಿರುತ್ತಾರಲ್ಲ, ಅದಕ್ಕೆ ಗಟ್ಟಿ ಪುರಾವೆ ಸಾಲದು. ನನ್ನ ಮಟ್ಟಿಗೆ ಹೇಳುವುದಾದರೆ, ಎರಡು ದಿನ ಕತ್ತು ನನ್ನ ಮಾತು ಕೇಳಿತು.

ಎದ್ದ ಮೇಲೆ

ಹೊತ್ತು ಮುಗಿದಾಗ ಮೆಲ್ಲನೆಯ ಸಂಗೀತ ಅಥವಾ ದೀಪ ಬರುತ್ತದೆ. ಧಡಕ್ಕನೆ ಏಳಬೇಡಿ, ತಲೆ ತಿರುಗುತ್ತದೆ. ಮೊದಲು ಕೂತು, ಮುಖವನ್ನು ಮೇಲಕ್ಕೇ ಇಟ್ಟುಕೊಂಡು ಕೂದಲನ್ನು ಹಿಂದಕ್ಕೆ ಹಿಂಡಿ. ತಲೆ ಬಗ್ಗಿಸಿದರೆ ಒಂದು ಗಂಟೆ ಕಾಪಾಡಿದ ಕಣ್ಣಿಗೆ ಆಗ ನೀರಿಳಿಯುತ್ತದೆ. ನಿಂತಾಗ ಮೈ ಕಬ್ಬಿಣದಷ್ಟು ಭಾರ ಅನ್ನಿಸುತ್ತದೆ, ಹಿಡಿ ಬಿಡಬೇಡಿ. ಶವರಿನಲ್ಲಿ ಇಯರ್‌ಪ್ಲಗ್ ಇಟ್ಟುಕೊಂಡೇ ತಲೆ ತೊಳೆದು, ಕೊನೆಗೆ ತೆಗೆದು ಕಿವಿಯ ಮಡಿಕೆಗಳನ್ನು ಬೆಚ್ಚನೆಯ ನೀರಲ್ಲಿ ಉಜ್ಜಿ. ಕಿವಿಯ ಹಿಂಭಾಗ ಮರೆತರೆ ಸಂಜೆಗೆ ಅಲ್ಲಿ ಬೆಳ್ಳಗೆ ಉಪ್ಪಿನ ಪೊರೆ ಕಟ್ಟುತ್ತದೆ.

ತಕ್ಷಣ ಕಾರು ಹತ್ತಬೇಡಿ. ಕಾಲುಗಂಟೆ ಕೂತು, ಅವರು ಕೊಡುವ ಚಹಾ ಕುಡಿದು, ನೀರು ಕುಡಿದು ಹೊರಡಿ. ಫೋನ್ ಕೂಡ ಆಮೇಲೆಯೇ.

ಚೆನ್ನಾಗಿರಲಿಲ್ಲ ಅನ್ನಿಸಿದರೆ ಎರಡು-ಮೂರು ವಾರದೊಳಗೆ ಇನ್ನೊಂದು ಸಲ ಹೋಗಿ ನೋಡಿ, ಮೂರು ಸಲದ ಪ್ಯಾಕೇಜಿಗೆ ಬಹಳ ಕಡೆ ರಿಯಾಯಿತಿ ಇರುತ್ತದೆ. ಮೊದಲ ಸಲದ್ದು ಮೂಗು, ಕಣ್ಣು, ಗೋಡೆ, ಮುಚ್ಚಳ ಇವುಗಳ ಪರಿಚಯಕ್ಕೇ ಹೋಗುತ್ತದೆ. ಎರಡನೇ ಸಲ ಗಡ್ಡ ಬಿಟ್ಟುಕೊಂಡು, ಕಾಫಿ ಬಿಟ್ಟು, ಫೋಮಿನ ಬಳೆ ಹಾಕಿಕೊಂಡು ಮಲಗಿದೆ. ಸಂಗೀತ ಬಂದಾಗ ಇಷ್ಟು ಬೇಗ ಯಾಕೆ ಎಬ್ಬಿಸುತ್ತಿದ್ದಾರೆ ಅನ್ನಿಸಿತು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಮತ್ತೆ ಹೋಗಿದ್ದೆ ಅಂದೆ. ಅಪ್ಪಯ್ಯ ಒಂದು ಕ್ಷಣ ಸುಮ್ಮನಿದ್ದು, “ಹೌದಾ? ಎಲೆ ಹಸಿರಾಯ್ತನಾ?” ಅಂತ ಕೇಳಿದರು.